ಎದುರು ಕಕ್ಷಿಯ ಅತ್ತೆ

ಮನೆ, ಅಡುಗೆಮನೆಯ ಮೇಜು
ಫೆಬ್ರವರಿ ೧೭, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ರಾತ್ರಿ ಪಾಳಿ ಮುಗಿಸಿ ಬಂದಾಗ ಈಗಲೂ ಊದುತ್ತದೆಯೇ? ಇಲ್ಲಿದ್ದಾಗ ನೀನು ನೆಲದ ಮೇಲೆ ಮಲಗಿ ಕಾಲನ್ನು ಗೋಡೆಗೆ ಎತ್ತಿಡುತ್ತಿದ್ದೆ. ನಿನ್ನ ಮಗಳು ಬಟಾಣಿಯೂ ಪಕ್ಕದಲ್ಲಿ ಬಿದ್ದುಕೊಂಡು ತನ್ನ ಗಿಡ್ಡ ಕಾಲನ್ನು ಗೋಡೆಗೆ ಆನಿಸಿ ‘ನಂದೂ ಡ್ಯೂಟಿ ಮುಗೀತು’ ಎನ್ನುತ್ತಿದ್ದಳು. ಅಲ್ಲಿ ಕಾಲು ಎತ್ತಿಡಲು ಒಂದು ಗೋಡೆಯಾದರೂ ಸಿಗುತ್ತದೆಯೋ, ನಾಲ್ಕು ಜನ ನರ್ಸುಗಳಿರುವ ಕೋಣೆಯಲ್ಲಿ ಅದಕ್ಕೂ ಸರದಿ ನಿಲ್ಲಬೇಕೋ? ಹೊತ್ತಿಗೆ ಸರಿಯಾಗಿ ತಿನ್ನು. ಚಹಾ ಕುಡಿದದ್ದನ್ನೂ ಊಟದ ಲೆಕ್ಕಕ್ಕೆ ಸೇರಿಸುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಮಂಡಿ ಹಾಗೇ ಇದೆ. ಊರಿನವರ ಲಿಫ್ಟನ್ನೆಲ್ಲ ರಿಪೇರಿ ಮಾಡುವ ಮಗನನ್ನು ಹೆತ್ತೂ ನಾನು ದಿನಾ ಮೂರು ಮಹಡಿ ಮೆಟ್ಟಿಲು ಹತ್ತುವುದು ತಪ್ಪಿಲ್ಲ.

ಈ ಪತ್ರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ನಮ್ಮ ವಕೀಲರು, ಅಂದರೆ ನಿನ್ನ ಗಂಡನ ವಕೀಲರು, ಎದುರು ಕಕ್ಷಿಯ ಜೊತೆ ಫೋನಿನಲ್ಲಿ ಮಾತಾಡಬೇಡಿ ಎಂದು ನನಗೆ ಕಟ್ಟಪ್ಪಣೆ ಮಾಡಿದ್ದಾರೆ. ಕಾಗದ ಬರೆಯಬೇಡಿ ಎಂದು ಹೇಳಿಲ್ಲ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ಬಿಟ್ಟಿರಬೇಕು. ಎದುರು ಕಕ್ಷಿ ಎಂದರೆ ನೀನಂತೆ. ಮೊದಲ ಸಲ ಆ ಮಾತು ಕೇಳಿದಾಗ ನಾನು ಹಿಂದೆ ತಿರುಗಿ ನೋಡಿದೆ, ಯಾರೋ ಬಂದರೇನೋ ಎಂದು. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ನನ್ನ ಕಣ್ಣಿನ ಆಪರೇಷನ್ ಆದಾಗ ಹೊತ್ತು ಹೊತ್ತಿಗೆ ಎದ್ದು ಹನಿ ಹಾಕಿದವಳು ಎದುರು ಹೇಗಾದಳು ಎಂದು ಅವರನ್ನೇ ಕೇಳಬೇಕೆಂದಿದ್ದೆ. ಮಗನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ನಿನಗೆ ಬೇಕಾದದ್ದು ಬಟಾಣಿಯ ಸುದ್ದಿ, ಅದನ್ನು ಹೇಳುತ್ತೇನೆ. ಮುಂದಿನ ಎರಡು ಹಲ್ಲು ಬಿದ್ದಿವೆ. ‘ಸ’ ಎನ್ನಲು ಹೋದರೆ ಗಾಳಿ ಬರುತ್ತದೆ, ತನ್ನ ಟೀಚರ ಹೆಸರು ಹೇಳುವುದನ್ನೇ ಬಿಟ್ಟು ‘ನಮ್ ಮಿಸ್’ ಎನ್ನುತ್ತಾಳೆ, ಅದರಲ್ಲೂ ಅರ್ಧ ಗಾಳಿಯೇ. ಗಿಡ್ಡಿ ಉದ್ದವಾಗಿದ್ದಾಳೆ. ವ್ಯಾನಿನ ಮೆಟ್ಟಿಲನ್ನು ಈಗ ನನ್ನ ಕೈ ಹಿಡಿಯದೆ ಹತ್ತುತ್ತಾಳೆ, ಹತ್ತಿದ ಮೇಲೆ ನನಗೇ ಕೈ ಕೊಡುತ್ತಾಳೆ. ಶಾಲೆಯ ವ್ಯಾನಿನಲ್ಲಿ ನಾನು ಇಷ್ಟು ವರ್ಷ ಎಷ್ಟೋ ಮಕ್ಕಳನ್ನು ಹತ್ತಿಸಿದ್ದೇನೆ, ಇಳಿಸಿದ್ದೇನೆ, ಯಾವ ಮಗುವೂ ನನಗೆ ಕೈ ಕೊಟ್ಟಿರಲಿಲ್ಲ. ಜಡೆಯ ಕೆಲಸ ಅವಳ ಅಪ್ಪನದು. ಲಿಫ್ಟಿನ ಹಗ್ಗ ಬಿಗಿಯುವವನ ಕೈ, ಅವಳ ಹುಬ್ಬು ಮೇಲಕ್ಕೆ ಹೋಗುವ ಹಾಗೆ ಬಿಗಿಯುತ್ತಾನೆ. ಅವಳು ಅಪ್ಪನ ಮನಸ್ಸು ನೋಯಬಾರದೆಂದು ಮನೆಯಿಂದ ಹಾಗೇ ಹೊರಟು, ವ್ಯಾನಿನಲ್ಲಿ ನನ್ನ ಹತ್ತಿರ ಸಡಿಲಿಸಿಕೊಳ್ಳುತ್ತಾಳೆ. ಅವನು ಕೆಟ್ಟ ತಂದೆಯಲ್ಲ ಮಗಳೇ. ನನ್ನ ಮಗನೆಂದು ಹೇಳುತ್ತಿಲ್ಲ. ನಿನಗೂ ಅದು ಗೊತ್ತು.

ಆಟವೆಲ್ಲ ಆಸ್ಪತ್ರೆಯದೇ. ಸೋಫಾದ ಮೇಲೆ ಬೊಂಬೆಗಳನ್ನು ಸಾಲಾಗಿ ಮಲಗಿಸಿ, ಹಣೆ ಮುಟ್ಟಿ ನೋಡಿ, ನಿನ್ನ ಹಾಗೇ ತಗ್ಗಿದ ದನಿಯಲ್ಲಿ ‘ಅಮ್ಮ ಈಗ ಬರ್ತಾರೆ, ಸುಮ್ನೆ ಇರು’ ಎಂದು ಒಂದೊಂದಕ್ಕೂ ಹೇಳುತ್ತಾಳೆ. ನಿನ್ನ ಹೆಸರು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಆದರೆ ಒಂದು ಮಾತು ನಿನಗೆ ಬರೆಯಲೇಬೇಕು, ಓದಿ ಅಳಬೇಡ, ಅಥವಾ ಅತ್ತು ಮುಗಿಸಿ ಮುಂದೆ ಓದು. ಮಗು ನಿದ್ದೆ ಮಾಡುತ್ತಿಲ್ಲ. ಬರುವುದಿಲ್ಲ ಎಂದಲ್ಲ, ಬಂದದ್ದನ್ನು ತಳ್ಳುತ್ತಾಳೆ. ಮಧ್ಯಾಹ್ನ ವ್ಯಾನಿನಲ್ಲಿ ಮನೆಗೆ ಬರುವಾಗ ಕಿಟಕಿಗೆ ತಲೆ ಆನಿಸಿರುತ್ತಾಳೆ, ಕಣ್ಣು ಎಳೆಯುತ್ತಿರುತ್ತವೆ. ಒಂದೊಂದು ಸ್ಟಾಪಿನಲ್ಲೂ ಬ್ರೇಕು ಬಿದ್ದ ಕೂಡಲೇ ಬೆಚ್ಚಿ ಕಣ್ಣು ಬಿಟ್ಟು ನನ್ನನ್ನು ಹುಡುಕುತ್ತಾಳೆ. ನಾನು ಬಾಗಿಲಲ್ಲಿ ಬೇರೆ ಮಗುವನ್ನು ಇಳಿಸುತ್ತಿರುತ್ತೇನೆ. ಮೊನ್ನೆ ಕೇಳಿದಳು: ‘ಅಜ್ಜಿ, ನಾನು ಮಲಗಿದ್ರೆ ನೀನೂ ಇಳಿದು ಹೋಗ್ತೀಯಾ?’ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಇಲ್ಲ ಎಂದೆ. ಅವಳು ನಂಬಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬುಧವಾರ ವಕೀಲರು ನನ್ನನ್ನು ಅವರ ಆಫೀಸಿಗೆ ಕರೆಸಿದ್ದರು, ಮುಂದಿನ ತಿಂಗಳು ನನ್ನ ಸಾಕ್ಷಿ ಇದೆಯಲ್ಲ, ಅದಕ್ಕೆ ತಯಾರಿ. ಕೋಣೆ ತುಂಬ ಫೈಲು. ನಾನು ಕೂರುವುದಕ್ಕೆಂದು ಕುರ್ಚಿಯ ಮೇಲಿದ್ದ ಯಾರದೋ ವಿಚ್ಛೇದನವನ್ನು ಎತ್ತಿ ನೆಲದ ಮೇಲೆ ಇಟ್ಟರು. ಕೆಟ್ಟ ಮನುಷ್ಯರಲ್ಲ, ನೀರು ಕೊಟ್ಟರು, ಫ್ಯಾನು ನನ್ನ ಕಡೆ ತಿರುಗಿಸಿದರು. ಅವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆಯಂತೆ. ಮಗು ನಿದ್ದೆ ಮಾಡುತ್ತಿದ್ದಾಗ ತಾಯಿ ಮನೆ ಬಿಟ್ಟು ಹೋದಳೇ? ಹೌದು. ಈ ಎಂಟು ತಿಂಗಳಲ್ಲಿ ಮಗುವಿಗೆ ಫೋನು ಮಾಡಿದ್ದಾಳೆಯೇ? ಇಲ್ಲ. ‘ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಅಮ್ಮಾ’ ಎಂದರು. ‘ಒಂದು ಮಾತು ಜಾಸ್ತಿ ಬಂದ್ರೂ ಕೇಸು ಸಡಿಲ ಆಗುತ್ತೆ.’ ಸುಳ್ಳು ಹೇಳಿ ಎಂದಿದ್ದರೆ ನಾನು ಅಲ್ಲೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಬರುತ್ತಿದ್ದೆ. ಎರಡೂ ನಿಜವೇ ಆಗಿದ್ದರಿಂದ ನನಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ನೀನು ಹೊರಡುವ ಹಿಂದಿನ ಸಂಜೆ ಇದೇ ಅಡುಗೆಮನೆಯಲ್ಲಿ ನಾವಿಬ್ಬರೂ ಒಣಗಿದ ಬಟ್ಟೆ ಮಡಚುತ್ತಿದ್ದೆವು. ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನ ಕೆಲಸ, ಬೇರೆ ಊರು, ಮನೆ ಸಿಕ್ಕಿದ ಕೂಡಲೇ ಬಟಾಣಿಯನ್ನು ಕರೆಸಿಕೊಳ್ಳುತ್ತೇನೆ ಎಂದು ನೀನು ಹೇಳಿದ್ದೆ. ನಿನ್ನ ಗಂಡ ‘ನಿನ್ನಿಷ್ಟ’ ಎಂದಿದ್ದ. ನೀನು ಅದನ್ನು ಒಪ್ಪಿಗೆ ಎಂದುಕೊಂಡೆ. ಅವನು ಅದನ್ನು ಜಗಳ ಎಂದುಕೊಂಡಿದ್ದ. ಮದುವೆಯಾಗಿ ಅಷ್ಟು ವರ್ಷವಾದರೂ ಒಬ್ಬರ ಮೌನ ಒಬ್ಬರಿಗೆ ತಿಳಿಯುತ್ತಿರಲಿಲ್ಲ, ಮಧ್ಯೆ ನಾನೊಬ್ಬಳು ಬೇಕಾಗಿತ್ತು. ಬೆಳಿಗ್ಗೆ ಮಗುವನ್ನು ಎಬ್ಬಿಸಿ ಹೇಳಿ ಹೋಗು ಎಂದೆ. ನೀನು ಅವಳ ಯೂನಿಫಾರ್ಮ್ ಮಡಚುತ್ತ ಹೇಳಿದೆ: ‘ಎಬ್ಬಿಸಿದ್ರೆ ಅಳ್ತಾಳೆ ಅತ್ತೆ. ಅತ್ತು ಅತ್ತು ಜ್ವರ ಬರುತ್ತೆ. ವಾರ್ಡಲ್ಲಿ ನಾವು ತಾಯಂದಿರಿಗೆ ಹೇಳೋದೇ ಅದು, ಮಗು ಮಲಗಿದ ಮೇಲೆ ಸದ್ದಿಲ್ದೆ ಹೋಗಿ ಅಂತ.’ ನಿನ್ನ ವಾರ್ಡಿನ ನಿಯಮ ಅದು. ನನ್ನ ವ್ಯಾನಿನ ನಿಯಮ ಬೇರೆ. ನಾವು ನಿದ್ದೆಯಲ್ಲಿರುವ ಮಗುವನ್ನು ಕೈ ಬದಲಾಯಿಸುವುದಿಲ್ಲ. ಅತ್ತರೂ ಸರಿ, ಒದ್ದರೂ ಸರಿ, ಎಬ್ಬಿಸಿ, ನಿಲ್ಲಿಸಿ, ಯಾರ ಕೈಗೆ ಕೊಡುತ್ತಿದ್ದೇವೋ ಅವರ ಮುಖ ತೋರಿಸಿಯೇ ಕೊಡುತ್ತೇವೆ. ಅವತ್ತು ಇದನ್ನು ಹೇಳಿದ್ದಕ್ಕೆ ನೀನು ನಕ್ಕು, ‘ವ್ಯಾನ್ ಮಕ್ಕಳಿಗೆ ಜ್ವರ ಇರಲ್ಲ ಅತ್ತೆ’ ಎಂದೆ.

ನಿನ್ನ ನಿಯಮ ತಪ್ಪು ಎನ್ನುವುದಿಲ್ಲ. ವಾರ್ಡಿನಲ್ಲಿ ಸದ್ದಿಲ್ಲದೆ ಹೋದ ತಾಯಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹಾಲಿನ ಫ್ಲಾಸ್ಕು ಹಿಡಿದು ನಿಂತಿರುತ್ತಾಳೆ. ನೀನು ಬೆಳಿಗ್ಗೆ ಬರುವಂತಿರಲಿಲ್ಲ. ಆಮೇಲೆ ಎರಡು ಸಲ ಫೋನು ಮಾಡಿದೆ, ಎರಡು ಸಲವೂ ಅವಳು ಅತ್ತು ಹಾಲನ್ನೆಲ್ಲ ಕಕ್ಕಿದಳು. ಆಗ ನೀನು ನನಗೆ ‘ಗಾಯ ಮಾಯೋವರೆಗೂ ಮುಟ್ಟಬಾರದು ಅತ್ತೆ, ಸ್ವಲ್ಪ ದಿನ ಬಿಡ್ತೀನಿ’ ಎಂದೆ. ಆ ಸ್ವಲ್ಪ ದಿನಕ್ಕೆ ಎಂಟು ತಿಂಗಳಾಯಿತು. ಅಷ್ಟರಲ್ಲಿ ಇವನು ಮಗು ತನ್ನ ಸುಪರ್ದಿಯಲ್ಲೇ ಇರಬೇಕು ಎಂದು ಅರ್ಜಿ ಹಾಕಿದ. ನೀನು ಅವಳ ಒಳ್ಳೆಯದಕ್ಕೆ ಎಂದು ತಡೆದುಕೊಂಡ ಫೋನು ಇಂದು ಕೋರ್ಟಿನ ಕಾಗದದಲ್ಲಿ ‘ಮಗುವಿನ ಬಗ್ಗೆ ಯಾವ ಕಾಳಜಿಯೂ ತೋರಿಲ್ಲ’ ಎಂದಾಗಿದೆ. ಅದನ್ನು ಓದಿ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ, ನಿಮ್ಮಿಬ್ಬರ ಮೇಲೂ.

ವಕೀಲರ ಆಫೀಸಿನಿಂದ ನಾನು ನೇರ ಮನೆಗೆ ಬರಲಿಲ್ಲ. ಕೋರ್ಟಿನ ಕೆಳಗಿನ ಮಹಡಿಯಲ್ಲಿ ಉಚಿತ ಕಾನೂನು ನೆರವು ಎಂಬ ಬೋರ್ಡಿನ ಕೆಳಗೆ ಒಬ್ಬ ವಕೀಲೆ ಕೂರುತ್ತಾಳೆ, ಅಲ್ಲಿಗೆ ಹೋದೆ. ಪಾಪ, ವಿಪರೀತ ನೆಗಡಿ ಅವಳಿಗೆ, ಮಾತಿಗೊಂದು ಸೀನು. ನನಗೆ ತಿಳಿದವರೊಬ್ಬರ ಮಗು ಎಂದು ಶುರು ಮಾಡಿದೆ. ‘ಆ ತಿಳಿದವರು ಯಾರ ಕಡೆ ಅಮ್ಮಾ?’ ಎಂದಳು. ಎರಡೂ ಕಡೆ ಎಂದೆ. ಅವಳು ಪೆನ್ನು ಕೆಳಗಿಟ್ಟು, ಮೂಗೊರೆಸಿಕೊಂಡು, ನನ್ನ ಮಾತನ್ನೆಲ್ಲ ಕೇಳಿದಳು. ಆಮೇಲೆ ಹೇಳಿದ್ದನ್ನು ನಾನು ಮನೆಗೆ ಬರುವ ತನಕ ಬಾಯಿಪಾಠ ಮಾಡಿಕೊಂಡು ಬಂದೆ. ನೀನು ಗಮನವಿಟ್ಟು ಓದು, ನಿನ್ನ ವಕೀಲರಿಗೂ ತೋರಿಸು. ಅವರಿಗೆ ಇದೆಲ್ಲ ಗೊತ್ತಿರುತ್ತದೆ, ಆದರೂ ತೋರಿಸು.

ಕೆಲಸಕ್ಕೆ ಹೋದದ್ದು ತಪ್ಪಲ್ಲವಂತೆ. ತಾಯಿ ದುಡಿಯುತ್ತಾಳೆ ಎಂದು ಯಾವ ನ್ಯಾಯಾಧೀಶರೂ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ಅವರು ನೋಡುವುದು ಮಗುವಿನ ಹಿತ, ಗಂಡನ ಗೆಲುವೂ ಅಲ್ಲ, ಹೆಂಡತಿಯ ಗೆಲುವೂ ಅಲ್ಲ. ಮಗು ಎಲ್ಲಿ ಮಲಗುತ್ತದೆ, ಹತ್ತಿರದ ಶಾಲೆ ಯಾವುದು, ನಿನ್ನ ರಾತ್ರಿ ಪಾಳಿಯಲ್ಲಿ ಅವಳ ಜೊತೆ ಯಾರಿರುತ್ತಾರೆ, ಇದಕ್ಕೆ ನಿನ್ನ ಹತ್ತಿರ ಉತ್ತರ ಇರಬೇಕು. ನಾಲ್ಕು ಜನರ ಕೋಣೆಯಿಂದ ಉತ್ತರ ಬರುವುದಿಲ್ಲ ಮಗಳೇ, ಮನೆ ನೋಡು, ಸಣ್ಣದಾದರೂ ಸರಿ. ಹಗಲು ಪಾಳಿ ಸಿಗುತ್ತದೆಯೇ ಎಂದು ಕೇಳು, ಸಿಕ್ಕರೆ ಅದನ್ನು ಬರಹದಲ್ಲಿ ತೆಗೆದುಕೋ. ಎಲ್ಲಕ್ಕಿಂತ ಮೊದಲು, ತೀರ್ಪು ಬರುವ ತನಕ ಕೈಕಟ್ಟಿ ಕೂರಬೇಡ ಎಂದಳು. ಕೇಸು ನಡೆಯುತ್ತಿರುವಾಗಲೇ ಮಗುವನ್ನು ನೋಡಲು, ಫೋನಿನಲ್ಲಿ ಮಾತಾಡಲು ಅನುಮತಿ ಕೊಡಿ ಎಂದು ಒಂದು ಮಧ್ಯಂತರ ಅರ್ಜಿ ಹಾಕಬಹುದಂತೆ. ಅದನ್ನು ನಿನ್ನ ವಕೀಲರು ಇನ್ನೂ ಯಾಕೆ ಹಾಕಿಲ್ಲ? ನೀನೇ ಬೇಡ ಎಂದಿರುತ್ತೀಯ. ಗಾಯ ಮುಟ್ಟಬಾರದು ಎಂದಿರುತ್ತೀಯ. ನನಗೆ ನಿನ್ನ ಬುದ್ಧಿ ಗೊತ್ತಿಲ್ಲವೇ?

ಇನ್ನೊಂದು ವಿಷಯ ಹೇಳುವಾಗ ಅವಳು ಸೀನುವುದನ್ನೂ ತಡೆದುಕೊಂಡಳು. ಸಹಿಸಲಾಗದೆ ಒಂದು ದಿನ ಬಂದು ಶಾಲೆಯ ಗೇಟಿನಿಂದ ಮಗುವನ್ನು ಕರೆದುಕೊಂಡು ಹೋಗುವ ಕೆಲಸ ಯಾರೂ ಮಾಡಬಾರದು. ಅದು ನಾನೇ ನೋಡಿದ ಸಂಗತಿ. ಹೋದ ವರ್ಷ ನಮ್ಮ ವ್ಯಾನಿನ ಒಂದು ಹುಡುಗಿಯ ತಾಯಿ ಹಾಗೆ ಮಾಡಿ, ಸಂಜೆಯೊಳಗೆ ಪೊಲೀಸರು ಬಂದು, ಆ ಮಗು ಬೀದಿಯಲ್ಲಿ ಅಪ್ಪ ಅಮ್ಮ ಇಬ್ಬರ ಮುಖವನ್ನೂ ನೋಡದೆ ತನ್ನ ಷೂ ನೋಡುತ್ತ ನಿಂತಿತ್ತು. ಆ ತಾಯಿಗೆ ಮಗುವನ್ನು ನೋಡಲು ಕೊಟ್ಟಿದ್ದ ಭಾನುವಾರವೂ ಹೋಯಿತು. ಮತ್ತೆ, ಮಗುವಿಗೆ ಯಾರೂ ಏನೂ ಹೇಳಿಕೊಡಬಾರದು. ನ್ಯಾಯಾಧೀಶರು ಅವಳನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸುತ್ತಾರೆ, ಕಲಿಸಿದ ಮಾತು ಯಾವುದು, ಮಗುವಿನ ಮಾತು ಯಾವುದು ಎಂದು ಅವರಿಗೆ ತಿಳಿಯುತ್ತದೆ. ಅಪ್ಪ ಬೇಕೋ ಅಮ್ಮ ಬೇಕೋ ಎಂದು ಮನೆಯಲ್ಲಿ ಕೇಳಲೇಬಾರದು ಎಂದಳು. ನಾನು ಇದುವರೆಗೂ ಕೇಳಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ನನ್ನ ನಾಲಿಗೆಗೆ ಗೊತ್ತು. ಕೊನೆಗೆ ಹೇಳಿದ್ದು, ಆಗುವುದಾದರೆ ಮಧ್ಯಸ್ಥಿಕೆಗೆ ಹೋಗಿ ನೀವಿಬ್ಬರೇ ಕೂತು ಮಾತಾಡಿಕೊಳ್ಳಿ ಎಂದು. ನೀವೇ ಮಾಡಿಕೊಂಡ ಒಪ್ಪಂದದಲ್ಲಿ ಮಗುವಿನ ಹಲ್ಲು, ಜಡೆ, ಜ್ವರ ಎಲ್ಲಕ್ಕೂ ಜಾಗವಿರುತ್ತದೆ, ತೀರ್ಪಿನಲ್ಲಿ ಬರೀ ವಾರ, ತಾರೀಖುಗಳಿರುತ್ತವೆ ಎಂದಳು. ತೀರ್ಪಾದರೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗು ಬೆಳೆದ ಹಾಗೆ ಬದಲಾಯಿಸಲು ಕೇಳಬಹುದಂತೆ. ನನಗೆ ಅವಳ ಕೈಗೆ ಒಂದು ಕಷಾಯದ ಲೋಟ ಕೊಡಬೇಕೆನಿಸಿತು.

ನಿನ್ನೆ ಸಂಜೆ ಇವನಿಗೆ ಹೇಳಿದೆ. ಕೆಲಸದಿಂದ ಬಂದು ಕೈಯ ಗ್ರೀಸು ತೊಳೆಯುತ್ತಿದ್ದ. ನೀನು ಬಟ್ಟೆ ಮಡಚುತ್ತ ಹೇಳಿದ್ದು, ವಾರ್ಡಿನ ನಿಯಮ, ಫೋನು ಯಾಕೆ ನಿಂತಿತು, ಎಲ್ಲವನ್ನೂ ಅವನ ಬೆನ್ನಿಗೆ ಹೇಳಿದೆ. ಸೋಪು ಹೋದ ಮೇಲೂ ಕೈ ಉಜ್ಜುತ್ತಲೇ ಇದ್ದ. ‘ಅದನ್ನ ನನಗ್ಯಾಕೆ ಹೇಳಲಿಲ್ಲ ಅವಳು?’ ಎಂದ. ನೀನು ಕೇಳಿದೆಯಾ ಎಂದೆ. ನಲ್ಲಿ ನಿಲ್ಲಿಸಿದ. ‘ಕೋರ್ಟಲ್ಲೂ ಇದನ್ನೇ ಹೇಳ್ತೀಯಾ?’ ಎಂದ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ ಎಂದೆ. ಟವೆಲ್ಲು ಹುಡುಕಿದ, ಟವೆಲ್ಲು ಅವನ ಹೆಗಲ ಮೇಲೇ ಇತ್ತು. ‘ಹೇಳಿದ್ರೆ ಬಟಾಣಿ ಹೋಗ್ತಾಳಮ್ಮಾ’ ಎಂದ. ನನಗೆ ಗೊತ್ತು ಎಂದೆ. ಇವತ್ತು ಬೆಳಿಗ್ಗೆ ಜಡೆ ಹಾಕುವಾಗ ಮೊದಲ ಸಲ ಸಡಿಲವಾಗಿ ಹಾಕಿದ್ದ. ನನ್ನ ಮೇಲೆ ಸಿಟ್ಟಿದೆ, ಇರಲಿ. ಮಧ್ಯಸ್ಥಿಕೆಯ ಮಾತು ಎತ್ತಿದಾಗ ಬೇಡ ಎಂದಿಲ್ಲ, ‘ನೋಡೋಣ’ ಎಂದಿದ್ದಾನೆ. ಈ ಸಲ ಅದನ್ನು ನೀನು ಜಗಳವೆಂದೂ ತಿಳಿಯಬೇಡ, ಒಪ್ಪಿಗೆಯೆಂದೂ ತಿಳಿಯಬೇಡ. ಫೋನು ಮಾಡಿ ಅವನನ್ನೇ ಕೇಳು.

ನನಗೆ ನೀನು ಬೇಕು ಮಗಳೇ. ಇದನ್ನು ಯಾವ ಕಕ್ಷಿಯ ಮಾತು ಎಂದು ಬೇಕಾದರೂ ಬರೆದುಕೊಳ್ಳಲಿ. ಬಾಗಿಲ ಹತ್ತಿರ ನಿನ್ನ ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ ನಾನು ಈಗಲೂ ಏನನ್ನೂ ಇಡುವುದಿಲ್ಲ. ಚಹಾಕ್ಕೆ ಕೈತಪ್ಪಿ ನಿನ್ನ ಪಾಲಿನ ನೀರನ್ನೂ ಇಟ್ಟು, ಆಮೇಲೆ ಅದನ್ನೂ ನಾನೇ ಕುಡಿದು, ಎದೆ ಉರಿಸಿಕೊಳ್ಳುತ್ತೇನೆ. ನನ್ನ ಜೊತೆ ಜಗಳಕ್ಕೂ ಯಾರೂ ಇಲ್ಲ. ಇವನು ಜಗಳವಾಡುವುದಿಲ್ಲ, ಮುನಿಸಿಕೊಳ್ಳುತ್ತಾನೆ, ಅದರಲ್ಲಿ ಏನು ರುಚಿ? ಸಂಜೆ ಏಳು ಗಂಟೆಗೆ ಬಟಾಣಿ ಹಾಲು ಕುಡಿದು ತುಂಬ ಹೊತ್ತಾಗಿರುತ್ತದೆ. ಕುಡಿದ ಕೂಡಲೇ ಬೇಡ, ಅದರ ಕಥೆ ನಿನಗೆ ಗೊತ್ತು. ಏಳರ ಮೇಲೆ ಅವಳ ಅಪ್ಪನ ನಂಬರಿಗೇ ಮಾಡು, ನನ್ನದಕ್ಕೆ ಬೇಡ, ಕದ್ದು ಮಾತಾಡಿದ ಹಾಗಾಗುತ್ತದೆ. ಎತ್ತದಿದ್ದರೆ ಮಗುವಿಗೆ ಎರಡು ಮಾತು ಮೆಸೇಜು ಕಳಿಸಿಡು, ಮರುದಿನ ಮತ್ತೆ ಮಾಡು. ಅವಳು ಅಳುತ್ತಾಳೆ. ಅಳಲಿ. ನೀನು ಇಡಬೇಡ, ಅತ್ತು ಮುಗಿಸುವ ತನಕ ಆ ಕಡೆ ಇರು. ‘ಈಗ ಇಡ್ತೀನಿ, ನಾಳೆ ಮಾಡ್ತೀನಿ’ ಎಂದು ಹೇಳಿ ಇಡು, ನಾಳೆ ಮಾಡು. ನಾನು ಅವಳ ಬೆನ್ನ ಹಿಂದೆ ಕೂತಿರುತ್ತೇನೆ.

ವ್ಯಾನಿನ ಡ್ರೈವರ್ ನಿನ್ನನ್ನು ಕೇಳಿದ್ದಾನೆ. ಎರಡನೇ ಮಹಡಿಯ ಅಜ್ಜನ ಸಕ್ಕರೆ ಮತ್ತೆ ಏರಿದೆಯಂತೆ, ನೀನಿದ್ದಿದ್ದರೆ ಬೈದು ಇಳಿಸುತ್ತಿದ್ದೆ ಎನ್ನುತ್ತಾರೆ. ನಿನ್ನ ವಾರ್ಡಿನ ಮಕ್ಕಳೆಲ್ಲ ಬೇಗ ಗುಣವಾಗಿ ತಮ್ಮ ತಮ್ಮ ಅಮ್ಮಂದಿರ ಜೊತೆ ಮನೆಗೆ ಹೋಗಲಿ. ನಿನಗೆ ಗಾಳಿ ಬೆಳಕಿನ ಒಂದು ಮನೆ ಸಿಗಲಿ. ನಿನ್ನ ಕಾಲು, ನಿನ್ನ ಧೈರ್ಯ ಎರಡೂ ಗಟ್ಟಿಯಾಗಿರಲಿ ಎಂದು ಹರಸುವ

ನಿನ್ನ
ಅತ್ತೆ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೋದೆ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಕೆಳಗೆ ಮಕ್ಕಳ ಗಲಾಟೆ ಕೇಳುತ್ತಿದೆ, ಬಟಾಣಿ ಆಟ ಮುಗಿಸಿ ಇನ್ನೇನು ಮೇಲೆ ಬರುತ್ತಾಳೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಎದ್ದು ಬರುವಾಗ ಆ ವಕೀಲೆಯನ್ನು ಕೇಳಿದೆ, ಈ ಕಾನೂನಿನಲ್ಲೆಲ್ಲ ಅಜ್ಜಿಗೆ ಏನಿದೆ ಎಂದು. ಅವಳು, ಕೇಳಬಹುದು ಅಮ್ಮಾ, ಆದರೆ ಮೊದಲು ತಂದೆ ತಾಯಿ, ಅವರು ಒಪ್ಪಿ ಬರೆಸಿದರೆ ಎಲ್ಲವೂ ಸುಲಭ ಎಂದಳು. ಮಗು ನಿನ್ನ ಹತ್ತಿರ ಬಂದಾಗ, ಅವಳ ಅಪ್ಪ ನೋಡಲು ಬರುವ ದಿನಗಳನ್ನು ಕಾಗದದಲ್ಲಿ ಬರೆಸುತ್ತಾರಲ್ಲ, ಅದರ ಕೆಳಗೆ ಒಂದು ಸಾಲು ನನ್ನದೂ ಬರೆಸು. ಎಷ್ಟು ದಿನ ಎಂದು ನಾನು ಕೇಳುವುದಿಲ್ಲ, ನೀನು ಹೇಳಿದಷ್ಟು. ನೀನು ಬರೆಸದಿದ್ದರೂ ನಾನು ಕೋರ್ಟಿನಲ್ಲಿ ಎಲ್ಲವನ್ನೂ ಹೇಳಿಯೇ ಹೇಳುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಬರೆಸು ಮಗಳೇ.